ಅಂಗಾಲಿಗೆ ಬಂದ ಸದ್ದು

ನಿಗಡಿಯ ಸಿದ್ದಲಿಂಗಪ್ಪನವರ ಜೊತೆ ಮಾತಾಡಬೇಕಾದವರು ಅವರ ಎದುರಿಗೆ ಬಂದು ನಿಲ್ಲಬೇಕು. ಚಾಕಣದ ಕಾರ್ಖಾನೆಯೊಂದರಲ್ಲಿ ಕಾರಿನ ಬಾಗಿಲುಗಳನ್ನು ಒತ್ತಿ ತೆಗೆಯುವ ಪ್ರೆಸ್‌ಗಳ ನಡುವೆ ಸರ್ವಿಸ್ ಮುಗಿಸಿದವರು ಅವರು. ಕಿವಿಯನ್ನು ಅಲ್ಲೇ ಬಿಟ್ಟು ಬಂದೆ ಎಂದು ತಾವೇ ನಗುತ್ತಾರೆ. ಹಿಂದಿನಿಂದ ಕೂಗಿದರೆ ತಿರುಗುವುದಿಲ್ಲ, ಬಾಗಿಲು ಬಡಿದರೆ ತಿರುಗುತ್ತಾರೆ. ಅದು ಅವರಿಗೆ ಅಂಗಾಲಿನಿಂದ ತಿಳಿಯುತ್ತದೆ. ಪ್ರೆಸ್ ಶಾಪಿನವರೆಲ್ಲ ಯಂತ್ರದ ಹದವನ್ನು ಹಾಗೆ ನೆಲದಿಂದಲೇ ಹಿಡಿಯುತ್ತಿದ್ದರು.

ಮಗಳ ವಿಷಯ ಬಂದರೆ ಮಾತ್ರ ಅವರು ಎದುರಿನವರ ತುಟಿ ನೋಡಲು ಹೋಗುವುದಿಲ್ಲ, ಹೇಳುತ್ತಲೇ ಇರುತ್ತಾರೆ. ಮಾಧುರಿ ಸಾಸವಡದ ಕಿವುಡ ಮಕ್ಕಳ ಶಾಲೆಯಲ್ಲಿ ಶಿಕ್ಷಕಿ. ಅಲ್ಲೇ ಕೋಣೆ ಮಾಡಿಕೊಂಡಿದ್ದಾಳೆ. "ಮುಲಗಿ ಡಾಕ್ಟರ ಆಹೆ ಕಾ?" ಮಗಳು ಡಾಕ್ಟರಾ ಎಂದು ಪಕ್ಕದ ಮನೆಯವರು ಕೇಳಿದರೆ, "ನಾಹಿ ಹೋ, ಟೀಚರ" ಎನ್ನುತ್ತಾರೆ. ಡಾಕ್ಟರು ಕೈಬಿಟ್ಟಲ್ಲಿಂದ ಹಿಡಿಯುವವಳು ಎಂದು ಮರಾಠಿಯಲ್ಲೇ ಬಿಡಿಸಿ ಹೇಳುತ್ತಾರೆ.

ಓದುವಾಗ ಆಕೆ ಕಿವಿಯ ಪರೀಕ್ಷೆ ಮಾಡುವುದನ್ನು ಕಲಿತದ್ದು ಅಪ್ಪನ ಮೇಲೆ. ಹಿಂದೆ ನಿಂತು ಕೀಲಿಗೊಂಚಲು ಅಲುಗಿಸುವಳು.

"ನೆರಳ ಬೀಳಬಾರ್ದು, ಗಾಳಿ ತಾಗಬಾರ್ದು. ನೆಲಾ ಅಲುಗಿದ್ರಂತೂ ಲೆಕ್ಕಕ್ಕಿಲ್ಲಪಾ, ಕಿವಿ ಕೇಳದವ್ರೂ ತಿರಗ್ತಾರ," ಎನ್ನುವಳು.

"ಅಂದ್ರ ನಾ ಫೇಲು?"

"ನೀ ನನ್ನ ಮೊದಲನೇ ಸ್ಟೂಡೆಂಟ. ಭಾಳ ದಡ್ಡ."

ಮೊಮ್ಮಗ ಹುಟ್ಟಿದ ವರ್ಷದ ದೀಪಾವಳಿಯಲ್ಲಿ ಕಿಟಕಿಯ ಕೆಳಗೇ ಪಟಾಕಿಯ ಸರ ಸಿಡಿಯಿತು. ಪಕ್ಕದ ಮನೆಯ ಕೂಸು ಕಿರುಚಿ ಅತ್ತಿತು. ಮೊಮ್ಮಗ ರಕ್ಷಿತ ತೊಟ್ಟಿಲಲ್ಲಿ ನಿದ್ದೆ ಮಾಡುತ್ತಲೇ ಇದ್ದ. "ನನ್ನ ಮಗ ಅಂಜಾಂಗಿಲ್ಲ" ಎಂದು ಮಗ ಮಾಂತು ಹಿಗ್ಗಿದ. ಹೌದೆಂದು ಸೊಸೆ ಶೀತಲ ತಲೆಯಾಡಿಸಿದಳು. ಸಿದ್ದಲಿಂಗಪ್ಪನವರು ತೊಟ್ಟಿಲಿನ ಹತ್ತಿರ ಬಹಳ ಹೊತ್ತು ನಿಂತಿದ್ದರು.

ಮಗ ಸೊಸೆ ಬಜಾರಕ್ಕೆ ಹೋದ ಒಂದು ಮಧ್ಯಾಹ್ನ ಅವರು ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಬರಿಗಾಲಲ್ಲಿ ನಿಂತು, ಆಡುತ್ತಿದ್ದ ಕೂಸಿನ ಬೆನ್ನ ಹಿಂದೆ ಕೀಲಿ ಅಲುಗಿಸಿದರು. ರಕ್ಷಿತ ತಿರುಗಲಿಲ್ಲ. ಹೋಗಿ ಬಾಗಿಲನ್ನು ಜೋರಾಗಿ ಹಾಕಿದರು. ಆಗ ತಿರುಗಿ, ಅಜ್ಜನನ್ನು ಕಂಡು ನಕ್ಕ. ಆ ತಿರುಗುವಿಕೆ ಸಿದ್ದಲಿಂಗಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು. ಅದು ಅವರದೇ.

ಮಗಳಿಗೆ ಒಂದು ಮೆಸೇಜು ಕಳಿಸಿದ್ದರೆ ಸಾಕಿತ್ತು. ಅವರು ಕಳಿಸಲಿಲ್ಲ. ಶೀತಲಳ ಕುಬಸದ, ಅಂದರೆ ಸೀಮಂತದ, ದಿನ ನಡೆದದ್ದು ನೆನಪಿಗೆ ಬಂದಿತ್ತು. ಮಾಧುರಿ ಅತ್ತಿಗೆಯ ಹೊಟ್ಟೆಯ ಮೇಲೆ ಕೈಯಿಟ್ಟು ನಗುತ್ತಿದ್ದಾಗ, ಶೀತಲಳ ತಾಯಿ ಸಾಬವ್ವ ಸಿದ್ದಲಿಂಗಪ್ಪನವರನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ಆ ಕಿವುಡ ಮಕ್ಕಳನ್ನ ಮುಟ್ಟಿ ಬಂದ ಕೈ ಅವ ರೀ ಬೀಗರ. ಬಸುರಿ ಹೊಟ್ಟಿ ಮ್ಯಾಲ ಇಡಬಾರ್ದು." ಅವರು ನಕ್ಕುಬಿಟ್ಟಿದ್ದರು. ಈಗ ನಗು ಬರಲಿಲ್ಲ; ಕೂಸಿಗೆ ಕೇಳಿಸದೆಂದು ಗೊತ್ತಾದರೆ ತಪ್ಪೆಲ್ಲ ಮಗಳ ಕೈಯ ಮೇಲೆ ಬೀಳುತ್ತಿತ್ತು. ಮಾಧುರಿಗೆ ಸೊಲ್ಲಾಪುರದ ವರನ ಸಂಬಂಧ ತಂದವರೂ ಈ ಸಾಬವ್ವನೇ.

ಹಾಗಾಗಿ ರಜೆಗೆ ಮಗಳು ನಿಗಡಿಗೆ ಹೊರಡುವ ಮೊದಲೇ ತಾವು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಸಾಸವಡದ ಬಸ್ಸು ಹತ್ತುವುದು ಶುರುವಾಯಿತು. ತನ್ನ ಶಾಲೆಯೆಂದರೆ ಅಪ್ಪನಿಗೆ ಎಷ್ಟು ಅಭಿಮಾನ ಎಂದು ಮಾಧುರಿ ಎಲ್ಲರಿಗೂ ಹೇಳಿಕೊಂಡಳು.

ಒಂದು ಶನಿವಾರ ಆಕೆ ಪಾಠ ಮಾಡುವುದನ್ನು ಅವರು ಹಿಂದಿನ ಬೆಂಚಿನಲ್ಲಿ ಕೂತು ನೋಡಿದರು. ಒಬ್ಬ ಹುಡುಗಿ ಊದಿದ ಬಲೂನನ್ನು ಎರಡೂ ಅಂಗೈಯಲ್ಲಿ ಹಿಡಿದಿದ್ದಳು. ಮಾಧುರಿ ಅದಕ್ಕೆ ತುಟಿ ಹಚ್ಚಿ ಮಾತಾಡುತ್ತಿದ್ದಳು. ಆಮೇಲೆ ಬಲೂನನ್ನು ಅಪ್ಪನ ಕೈಗೂ ಕೊಟ್ಟಳು. ಮಗಳ ದನಿ ಅವರ ಅಂಗೈಯಲ್ಲಿ ಜುಮ್ಮೆಂದಿತು. ಅವರ ಕಣ್ಣು ತುಂಬಿದ್ದನ್ನು ಕಂಡು ಮಕ್ಕಳು ನಕ್ಕವು.

"ಈಕೀನ್ನ ನಾಕ ವರ್ಷದಾಕಿ ಆದ ಮ್ಯಾಲ ಕರ್ಕೊಂಡ ಬಂದ್ರು," ಎಂದಳು ಮಾಧುರಿ, ಅವರ ಎದುರಿಗೆ ನಿಂತು. "ಮನ್ಯಾಗ ಗೊತ್ತಿತ್ತು. ಜನಾ ಏನಂತಾರೋ ಅಂತ ಸುಮ್ಮನ ಕೂತ್ರು. ಕೂಸಿದ್ದಾಗ ಕಿವಿಗೆ ಮಶೀನ ಹಾಕಿದ್ರ ಇಷ್ಟೊತ್ತಿಗೆ ಮಾತಾಡ್ತಿದ್ಲಪಾ."

ಸಿದ್ದಲಿಂಗಪ್ಪನವರು ಕೇಳಿಸದವರಂತೆ ಚಟ್ನಿಯ ಡಬ್ಬಿಯ ಮುಚ್ಚಳ ಬಿಗಿ ಮಾಡಿದರು. ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮಂದಿರ ತೊಡೆಯ ಮೇಲಿದ್ದ ಕೂಸುಗಳನ್ನೇ ನೋಡುತ್ತಿದ್ದರು. ಹಾರ್ನ್ ಆದಾಗಲೆಲ್ಲ ಅವು ತಲೆ ತಿರುಗಿಸುತ್ತಿದ್ದವು.

ಸಂಕ್ರಾಂತಿಯ ಮರುದಿನ ರಕ್ಷಿತನಿಗೆ ಕರಿ ಎರೆಯುವುದೆಂದು ನಿಶ್ಚಯವಾಯಿತು. ಕೂಸನ್ನು ಮಣೆಯ ಮೇಲೆ ಕೂಡಿಸಿ, ತಲೆಯ ಮೇಲಿಂದ ಬಾರಿಹಣ್ಣು, ಚುರುಮುರಿ, ಕಬ್ಬಿನ ತುಂಡು ಸುರಿಯುವ ಶಾಸ್ತ್ರ. ಸೋದರತ್ತೆಯಿಲ್ಲದೆ ನಡೆಯುವುದಿಲ್ಲವೆಂದು ಶೀತಲಳೇ ಫೋನು ಮಾಡಿ ಮಾಧುರಿಯನ್ನು ಕರೆಸಿದಳು. ಅಫಜಲಪುರದಿಂದ ಸಾಬವ್ವನೂ ಬಂದರು. ಈ ಸಲ ತಡೆಯಲು ಸಿದ್ದಲಿಂಗಪ್ಪನವರಿಗೆ ಯಾವ ನೆಪವೂ ಸಿಗಲಿಲ್ಲ.

ಮಾಧುರಿ ಸೇರು ಎತ್ತಿ ಸುರಿದಳು. ಮಣೆಯ ಪಕ್ಕದಲ್ಲಿದ್ದ ಹಿತ್ತಾಳೆಯ ಅಗಲ ತಟ್ಟೆ, ಪರಾತದೊಳಗೆ ಬಾರಿಹಣ್ಣು ಚಟಪಟ ಉದುರಿದವು. ಕಾಲೊನಿಯ ಮಕ್ಕಳು ಕೂಗುತ್ತಾ ಮೇಲೆ ಬಿದ್ದು ಆರಿಸಿಕೊಂಡರು. ರಕ್ಷಿತ ಕಬ್ಬಿನ ತುಂಡೊಂದನ್ನು ಚೀಪುತ್ತಿದ್ದ. ಪರಾತದ ಕಡೆ ಕಣ್ಣೆತ್ತಲಿಲ್ಲ.

ಎರಡನೆಯ ಸಲ ಎತ್ತಿದ ಸೇರು ಮಾಧುರಿಯ ಕೈಯಲ್ಲೇ ನಿಂತಿತು. ಆಕೆ ಅದನ್ನು ಕೆಳಗಿಟ್ಟು ಮೆಲ್ಲನೆ ಕೂಸಿನ ಹಿಂದೆ ಸರಿದಳು. ಕೈ ಹೆಗಲಿನ ಚೀಲದೊಳಕ್ಕೆ ಹೋಯಿತು. ಗೋಡೆಗೊರಗಿ ಕೂತಿದ್ದ ಸಾಬವ್ವ ಆ ಕೈಯನ್ನೇ ನೋಡುತ್ತಿದ್ದರು.

ಸಿದ್ದಲಿಂಗಪ್ಪನವರು ಎದ್ದರು. ಮಗಳಿಗಿಂತ ಮೊದಲೇ ಜಮಖಾನೆಯ ಮೇಲೆ ಹೆಜ್ಜೆಯಿಟ್ಟು, ಜೇಬಿನಿಂದ ತಮ್ಮ ಕೀಲಿಗೊಂಚಲು ತೆಗೆದು ಕೂಸಿನ ಕಿವಿಯ ಹಿಂದೆ ಅಲುಗಿಸಿದರು. ರಕ್ಷಿತ ಕಬ್ಬು ಚೀಪುತ್ತಲೇ ಇದ್ದ.

"ಕೇಳಸೂದಿಲ್ಲ ಅವಗ," ಎಂದರು ಅವರು, ಎಂದಿನ ದೊಡ್ಡ ದನಿಯಲ್ಲಿ. "ದೀಪಾವಳಿಗೇ ನೋಡೀನಿ. ನನ್ನ ಕಿವಿ ಬಂದದ ಕೂಸಿಗೆ. ನಮ್ಮಪ್ಪಂದೂ ಹಿಂಗ ಇತ್ತು. ನಮ್ಮ ಮನೆತನದ್ದು ಅದು."

"ಬಾಗಿಲಾ ಬಡದ್ರ ತಿರಗ್ತಾನಲ್ಲೋ ಅಪ್ಪಾ," ಎಂದ ಮಾಂತು. ಶೀತಲ ಮಗನನ್ನು ಎಳೆದು ಎದೆಗೆ ಒತ್ತಿಕೊಂಡಳು.

ಅಪ್ಪನ ಕಿವಿ ಹೋದದ್ದು ಪ್ರೆಸ್ಸಿನ ಸದ್ದಿಗೆ, ಅದು ವಂಶಕ್ಕೆ ಇಳಿಯುವಂಥದ್ದಲ್ಲ. ಅಪ್ಪನ ಅಪ್ಪನಂತೂ ಕೊನೆಯವರೆಗೆ ಪಿಸುಮಾತಿಗೂ ಓಗೊಡುತ್ತಿದ್ದ. ಎರಡೂ ಮಾಧುರಿಗೆ ಗೊತ್ತಿತ್ತು. ಆಕೆ ಎದುರಿಗೆ ಬಂದು ನಿಂತಳು.

"ದೀಪಾವಳಿಂದ, ಅಪ್ಪಾ?"

ಅವರು ಅವಳ ತುಟಿಯಿಂದ ಕಣ್ಣು ತೆಗೆದರು.

ಮಾಧುರಿ ಅತ್ತಿಗೆಯ ಪಕ್ಕ ಕೂತಳು. "ವೈನಿ, ನಾಳೆ ನಾ ರಜಾ ಹಾಕ್ತೀನಿ. ದವಾಖಾನಿಗೆ ಹೋಗೂಣು. ಇನ್ನಾ ಟೈಮ ಅದ."

ಸಾಬವ್ವ ಉಡಿಯಲ್ಲಿ ಬಿದ್ದಿದ್ದ ಬಾರಿಹಣ್ಣುಗಳನ್ನು ಒಂದೊಂದಾಗಿ ಪರಾತಕ್ಕೆ ಹಾಕುತ್ತಿದ್ದರು. ಮಾಧುರಿಯ ಕೈ ತಾಗಿ ಹೀಗಾಯಿತೆಂಬ ಮಾತು ಅವರ ಬಾಯಿಂದ ಬರಲಿಲ್ಲ. ಗೆದ್ದೆ ಎಂದುಕೊಂಡ ಸಿದ್ದಲಿಂಗಪ್ಪನವರು ಕೀಲಿಯನ್ನು ಜೇಬಿಗೆ ಹಾಕಿದರು.

"ಮನೆತನದ್ದು ಅಂದ್ರ," ಎಂದರು ಸಾಬವ್ವ, ತಲೆಯೆತ್ತದೆ, "ಮಾಧುರಿಗೂ ಬಂದಿರಬೇಕಲ್ರಿ ಬೀಗರ. ಮುಂದ ಆಕಿ ಮಕ್ಕಳಿಗೆ? ಸೊಲ್ಲಾಪುರದವ್ರಿಗೆ ನಾ ಏನ ಹೇಳ್ಲಿ?"

ಸಾಬವ್ವ ಎದುರಿಗೆ ಬಂದು ನಿಂತು ಹೇಳಿರಲಿಲ್ಲ. ಆದರೂ ಸಿದ್ದಲಿಂಗಪ್ಪನವರಿಗೆ ಅದು ಅಂಗಾಲಿನಿಂದ ಬಂದಂತೆ ಪೂರ್ತಿ ತಿಳಿಯಿತು. ಅವರು ಮಗಳ ಕಡೆ ನೋಡಿದರು. ಆಕೆ ಕೂಸಿನ ಅಂಟು ಅಂಗೈಯನ್ನು ತನ್ನ ಗಂಟಲಿಗೆ ಒತ್ತಿಕೊಂಡು, ಅವನ ಹೆಸರನ್ನು ನಿಧಾನವಾಗಿ, ಮತ್ತೆ ಮತ್ತೆ ಹೇಳುತ್ತಿದ್ದಳು.