ನೇಯ್ಗೆ ಖಾತೆಯ ಕೊಟ್ರಪ್ಪಣ್ಣ

ಎದುರಿಗೆ ನಿಂತು ಮಾತಾಡುವವರ ಕಣ್ಣನ್ನು ಕೊಟ್ರಪ್ಪಣ್ಣ ನೋಡುತ್ತಿರಲಿಲ್ಲ, ತುಟಿ ನೋಡುತ್ತಿದ್ದರು. ಗೊತ್ತಿಲ್ಲದವರು, ಇದೇನು ಹೀಗೆ ಬಾಯಿಯನ್ನೇ ದಿಟ್ಟಿಸುತ್ತಾರಲ್ಲ ಎಂದು ಮುಜುಗರಪಟ್ಟು ಬಾಯಿ ಒರೆಸಿಕೊಳ್ಳುತ್ತಿದ್ದರು. ಮೊದಲ ದಿನ ನಾನೂ ಒರೆಸಿಕೊಂಡಿದ್ದೆ.

ದಾವಣಗೆರೆಯ ಹತ್ತಿ ಗಿರಣಿಯೊಂದರ ನೇಯ್ಗೆ ಖಾತೆಯಲ್ಲಿ ಅವರು ಜಾಬರ್. ಒಂದು ಸಾಲಿನ ಮಗ್ಗಗಳು, ಅವನ್ನು ನಡೆಸುವ ನಾವು, ಇಷ್ಟೂ ಅವರ ಸುಪರ್ದಿ. ಐವತ್ತರ ದಶಕದ ಕೊನೆಯಲ್ಲಿ ನಾನು ನಮ್ಮೂರು ಕೊಂಡಜ್ಜಿಯಿಂದ ಬಂದು ಕೆಲಸಕ್ಕೆ ಸೇರಿದಾಗ ಆ ಶೆಡ್ಡಿನ ಸದ್ದಿಗೆ ಎದೆ ಝಲ್ಲೆಂದಿತ್ತು. ಅಷ್ಟೂ ಲಾಳಿಗಳು ಒಮ್ಮೆಗೇ ಬಡಿಯುವಾಗ ಪಕ್ಕದವನ ಕಿವಿಯಲ್ಲಿ ಕೂಗಿದರೂ ಕೇಳದು. ಹಾಗಾಗಿ ಅಲ್ಲಿ ಎಲ್ಲರೂ ಕೈಯಲ್ಲೇ ಮಾತಾಡುತ್ತಿದ್ದರು. ಎರಡು ಬೆರಳು ಹೊಸೆದರೆ ಎಳೆ ಹರಿದಿದೆ ಎಂದು. ಮುಷ್ಟಿ ಬಿಗಿದರೆ ಮಗ್ಗ ನಿಲ್ಲಿಸು ಎಂದು. ಅಂಗೈಯನ್ನು ಎದೆಗಿಟ್ಟರೆ ಚೆನ್ನಾಗಿ ಮಾಡಿದೆ, ಸಂತೋಷ ಎಂದು. ಈ ಕೊನೆಯದನ್ನು ತಂದವರು ಕೊಟ್ರಪ್ಪಣ್ಣನೇ ಅಂತೆ. ಉಳಿದ ಜಾಬರುಗಳ ಕೈಭಾಷೆಯಲ್ಲಿ ಬೈಗುಳ ಧಾರಾಳವಾಗಿತ್ತು, ಹೊಗಳಿಕೆ ಇರಲಿಲ್ಲ.

ಬೆಳಗಿನ ಪಾಳಿಗೆ ಅವರು ಹಣೆತುಂಬ ವಿಭೂತಿ ಹಚ್ಚಿಕೊಂಡು ಬರುತ್ತಿದ್ದರು. ಮಗ್ಗಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ನಮ್ಮೆಲ್ಲರಿಗೂ ಕೈ ಮುಗಿಯುತ್ತಿದ್ದರು. ವಯಸ್ಸಿನಲ್ಲಿ ಅವರ ಅರ್ಧದಷ್ಟೂ ಇರದ ನನಗೆ ಅದು ಕಸಿವಿಸಿ.

"ನಮಗ್ಯಾಕ ಕೈ ಮುಗೀತೀರಿ ಅಣ್ಣಾ, ಬ್ಯಾಡ್ರಿ" ಎಂದೆ ಒಂದು ದಿನ, ಮಗ್ಗಗಳು ಶುರುವಾಗುವ ಮೊದಲು.

ಅವರು ನನ್ನ ತುಟಿ ನೋಡಿ ನಕ್ಕರು. "ಸಾಮಿ ಕೆಲಸ ಕೊಟ್ಟಾನೆ, ಕೆಲಸ ಮಾಡೋರನ್ನೂ ಕೊಟ್ಟಾನೆ. ಅವಂಗೆ ಮುಗಿದು ನಿಮಗೆ ಮುಗೀದಿದ್ರೆ ಅರ್ಧ ಪೂಜಿ ಆದಂಗೆ ಕಣೋ ತಮ್ಮಾ."

ನನ್ನ ಮಗ್ಗದಲ್ಲಿ ಮೊದಲ ಸಲ ತಪ್ಪಿಲ್ಲದ ಬಟ್ಟೆ ಇಳಿದ ದಿನ ಅವರು ಬಂದು ಅದರ ಮೇಲೆ ಅಂಗೈ ಆಡಿಸಿದರು. ಮಲಗಿದ ಕರುವಿನ ಮೈ ಸವರಿದ ಹಾಗೆ, ನಿಧಾನವಾಗಿ. ಆಮೇಲೆ ಆ ಕೈಯನ್ನು ಎದೆಗಿಟ್ಟುಕೊಂಡು ನನ್ನನ್ನೇ ನೋಡಿದರು. ನಮ್ಮ ಮನೆಯಲ್ಲಿ ಕೆಲಸ ಕೆಟ್ಟರೆ ಮಾತು, ನೆಟ್ಟಗಾದರೆ ಮೌನ. ನಾನು ಮುಖ ತಿರುಗಿಸಿ, ಹರಿದೇ ಇರದ ಎಳೆಯನ್ನು ಹುಡುಕುವವನಂತೆ ನಿಂತೆ.

ಅವರ ಒಂಟಿತನ ನನ್ನ ಗಮನಕ್ಕೆ ಬಂದದ್ದು ಮಗ್ಗದ ಬಳಿ ಅಲ್ಲ, ಹೊರಗೆ ಬೇವಿನ ಮರದಡಿ. ಚಹಾದ ಹೊತ್ತಿಗೆ ನಾವೆಲ್ಲ ಮಂಡಕ್ಕಿ ಹಂಚಿಕೊಂಡು ಹರಟುತ್ತಿದ್ದೆವು. ಯಾರೋ ಏನೋ ಅಂದರೆ ಎಲ್ಲರೂ ನಗುವರು. ಆ ನಗು ನೋಡಿ, ಒಂದು ಗಳಿಗೆ ತಡವಾಗಿ ಕೊಟ್ರಪ್ಪಣ್ಣನೂ ನಗುವರು. ಮಗ್ಗಗಳ ಸದ್ದೇ ಅವರ ಕಿವಿಗಳನ್ನು ವರ್ಷವರ್ಷವೂ ತಿಂದುಹಾಕಿತ್ತು. ಆದರೂ ಆ ಗದ್ದಲದೊಳಗೆ ಅವರು ನಮಗೆ ಸರಿಸಮ, ಯಾಕೆಂದರೆ ಅಲ್ಲಿ ಯಾರಿಗೂ ಏನೂ ಕೇಳುತ್ತಿರಲಿಲ್ಲ. ಸದ್ದು ನಿಂತರೆ ಮಾತ್ರ ಅವರೊಬ್ಬರೇ ಬೇರೆಯಾಗಿಬಿಡುತ್ತಿದ್ದರು.

ಮಕ್ಕಳಿರಲಿಲ್ಲ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಹಳೇಪೇಟೆಯ ವಠಾರವೊಂದರಲ್ಲಿ ಒಂದು ಕೋಣೆ, ಒಂದು ಒಲೆ. ಒಮ್ಮೆ ಅಲ್ಲಿ ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ ಹೇಳಿದರು:

"ಆಕಿ ಇರೋತನ ಮನ್ಯಾಗೆ ಮಾತು ಕೇಳ್ತಿತ್ತು ನೋಡಪ. ಆಕಿ ದನಿ ನಾನು ಮೊದ್ಲೇ ಕೇಳಿದ್ನಲ್ಲ, ತುಟಿ ಅಲ್ಲಾಡಿದ್ರೆ ಸಾಕು, ಒಳಗೆ ದನಿ ಬರ್ತಿತ್ತು. ನೀನು ಬಂದಿದ್ದು ಕಿವಿ ಹೋದಮ್ಯಾಲೆ. ನೀನು ಏನಂದಿ ಅಂತ ಗೊತ್ತಾಗ್ತೈತೆ. ನಿನ್ನ ದನಿ ಹೆಂಗೈತೋ ಗೊತ್ತಿಲ್ಲ."

ನಾನು ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.

ಅರವತ್ತರ ದಶಕದ ನಡುವೆ ಗಿರಣಿಯ ಡಾಕ್ಟರು ಎಲ್ಲರ ಕಿವಿ ಪರೀಕ್ಷೆ ಮಾಡಿದರು. ಕಿವಿ ಕೇಳದವರು ಯಂತ್ರಗಳ ನಡುವೆ ಇರುವುದು ಅಪಾಯವೆಂದು ಕೊಟ್ರಪ್ಪಣ್ಣನನ್ನು ನಿವೃತ್ತಿ ಮಾಡಿಸುವುದೆಂದಾಯಿತು. ಅವರು ಜಗಳವಾಡಲಿಲ್ಲ. "ಖರೇ ಐತಲ್ಲ" ಅಂದರು, ಅಷ್ಟೆ.

ಆಯುಧಪೂಜೆಯ ದಿನ ಅಂಗಳದಲ್ಲಿ ಚಪ್ಪರ ಹಾಕಿ ಅವರಿಗೆ ಸನ್ಮಾನ ಇಟ್ಟರು. ಮಗ್ಗಗಳಿಗೆಲ್ಲ ಚೆಂಡುಹೂವು, ಶೆಡ್ಡು ಗಪ್‌ಚಿಪ್. ಮ್ಯಾನೇಜರು ಶಾಲು ಹೊದಿಸಿ ಭಾಷಣಕ್ಕೆ ನಿಂತರು. ಒಳ್ಳೆಯ ಮಾತುಗಳನ್ನೇ ಆಡಿದರು. ಆದರೆ ಅವರ ಬಾಯಿಗೆ ಮೈಕು ಅಡ್ಡವಿತ್ತು. ಕೊಟ್ರಪ್ಪಣ್ಣ ಕುರ್ಚಿಯಲ್ಲಿ ಆ ಕಡೆ ಬಾಗಿದರು, ಈ ಕಡೆ ಬಾಗಿದರು, ತುಟಿ ಕಾಣಲಿಲ್ಲ. ಕೊನೆಗೆ ಶಾಲಿನ ಅಂಚು ಹಿಡಿದುಕೊಂಡು, ಯಾರದೋ ಮದುವೆಗೆ ಬಂದವರಂತೆ ಸುಮ್ಮನೆ ನಗುತ್ತ ಕೂತರು. ತಮ್ಮನ್ನೇ ಹೊಗಳುವ ಮಾತು ಅವರೊಬ್ಬರನ್ನು ಬಿಟ್ಟು ಎಲ್ಲರನ್ನೂ ಮುಟ್ಟುತ್ತಿತ್ತು.

ನನ್ನ ಪಕ್ಕದಲ್ಲಿ ಹನುಮಂತಪ್ಪ ಕೂತಿದ್ದ. ನಮ್ಮ ಸಾಲಿನ ಹಳೇ ನೇಕಾರ, ಒರಟ, ಯಾರನ್ನೂ ಹೊಗಳಿದವನಲ್ಲ. "ಥತ್, ಅವರಿಗೆ ಏನೂ ತಿಳೀವಲ್ದು" ಎಂದು ಗೊಣಗಿ ಎದ್ದು ನಿಂತ. ಅಂಗೈಯನ್ನು ಎದೆಗಿಟ್ಟ.

ಕೊಟ್ರಪ್ಪಣ್ಣನ ನಗು ನಿಂತಿತು. ನಾನೂ ಎದ್ದೆ. ನನ್ನ ಹಿಂದಿನವರು ಎದ್ದರು. ನೇಯ್ಗೆ ಖಾತೆಯವರೆಲ್ಲ ಒಬ್ಬೊಬ್ಬರಾಗಿ ಎದ್ದು ಎದೆಗೆ ಕೈಯಿಟ್ಟು ನಿಂತೆವು. ಇದೇನೆಂದು ತಿಳಿಯದೆ ಮ್ಯಾನೇಜರು ಭಾಷಣ ನಿಲ್ಲಿಸಿದರು. ಕೊಟ್ರಪ್ಪಣ್ಣ ಎದ್ದರು, ಶಾಲು ಜಾರಿ ಬಿತ್ತು. ಉತ್ತರ ಕೊಡಲೆಂದು ಎರಡೂ ಕೈ ಮೇಲೆತ್ತಿದರು. ಆ ಕೈಗಳಿಗೆ ಮಾತು ಹೊರಡಲಿಲ್ಲ. ಹಾಗೇ ಗಾಳಿಯಲ್ಲಿ ನಿಂತುಬಿಟ್ಟವು.

ಆಮೇಲೆ ಅವರು ಹೆಂಡತಿಯ ತವರೂರು ಹರಿಹರಕ್ಕೆ ಹೋಗಿ, ಹೊಳೆ ಕಡೆಯ ಓಣಿಯಲ್ಲಿ ಕೋಣೆ ಹಿಡಿದರು. ಚಳಿಗಾಲದ ಒಂದು ರಜೆಯ ದಿನ ರೈಲು ಹತ್ತಿ ಹೋದೆ. ಬಾಗಿಲಿಗೆ ಬೀಗ. ಮನೆಯೊಡತಿ, "ಸೇತುವಿ ಕಡೆ ಇರ್ತಾರೆ ನೋಡ್ರಿ. ದಿನಾ ಸಂಜಿಗೆ ಅಲ್ಲೇ" ಎಂದಳು.

ತುಂಗಭದ್ರೆಯ ರೈಲು ಸೇತುವೆಯ ಬುಡದಲ್ಲಿ ಕಲ್ಲೊಂದರ ಮೇಲೆ ಕೂತಿದ್ದರು. ನನ್ನನ್ನು ಕಂಡು ಮುಖ ಅರಳಿತು. "ಕೂಡು ತಮ್ಮಾ. ಅಂಗೈ ಇಲ್ಲಿಡು" ಎಂದು ನನ್ನ ಕೈಯನ್ನು ಕಲ್ಲಿಗೆ ಒತ್ತಿಹಿಡಿದರು. ಸ್ವಲ್ಪ ಹೊತ್ತಿಗೆ ಗಾಡಿ ಬಂತು. ಕಲ್ಲು ಅದುರತೊಡಗಿತು.

"ನಮ್ಮ ಶೆಡ್ಡು ಹಿಂಗೇ ಅಲ್ವೇನೋ? ಹೋಗಿ ನಿಂತ್ರೆ ಅಂಗಾಲಿಗೆ ಅದುರು ಬರ್ತಿತ್ತು."

"ಇಲ್ಲಿ ಹೆಂಗೈತಣ್ಣಾ?" ಎಂದು ಕೇಳಿದೆ, ತುಟಿ ಬಿಡಿಸಿ.

"ಜನ ಒಳ್ಳೇರು. ಆದ್ರೆ ಮುಖ ತಿರುಗಿಸ್ಕೊಂಡು ಮಾತಾಡ್ತಾರೆ. ಗುಡಿಗೆ ಹೋಗ್ತೀನಿ. ದೇವ್ರ ತುಟಿ ಯಾರಿಗೂ ಅಲ್ಲಾಡಲ್ಲ ನೋಡು. ಅಲ್ಲಿ ನಾನೂ ಒಂದೇ, ಊರೋರೂ ಒಂದೇ."

ಗಾಡಿ ದಾಟಿಹೋಯಿತು. ಕಲ್ಲಿನ ಅದುರು ನಿಂತಿತು. ಅವರು ಇನ್ನೂ ಅಂಗೈ ಎತ್ತಿರಲಿಲ್ಲ.

ಅದೇ ಕೊನೆ. ಬೇಸಿಗೆಯಲ್ಲಿ ಅವರು ತೀರಿಕೊಂಡ ಸುದ್ದಿ ಹರಿಹರದಿಂದ ಬರುವಷ್ಟರಲ್ಲಿ ಮಣ್ಣೂ ಆಗಿತ್ತು. ಗೇಟಿನಲ್ಲಿ ಸುದ್ದಿ ಕೇಳಿದವನು ಹನುಮಂತಪ್ಪ. ಪಾಳಿಯ ನಡುವೆ ಒಳಗೆ ಬಂದು ಎಲ್ಲರನ್ನೂ ನೋಡುತ್ತ ನಿಂತ. ಕೈ ಎತ್ತಿದ, ಇಳಿಸಿದ. ಸಾವಿಗೆ ನಮ್ಮಲ್ಲಿ ಸನ್ನೆ ಇರಲಿಲ್ಲ. ಸುಮ್ಮನೆ ತನ್ನ ಮಗ್ಗ ನಿಲ್ಲಿಸಿದ. ಅವನ ಮುಖ ನೋಡಿ ಪಕ್ಕದವನು ನಿಲ್ಲಿಸಿದ, ನಾನು ನಿಲ್ಲಿಸಿದೆ. ಸಾಲಿನಿಂದ ಸಾಲಿಗೆ ಮಗ್ಗಗಳು ನಿಲ್ಲುತ್ತ ಹೋಗಿ, ಇಡೀ ಶೆಡ್ಡಿನಲ್ಲಿ ಸದ್ದಡಗಿತು.

"ಕೊಟ್ರಪ್ಪಣ್ಣ ಹೋದ್ರಂತೆ" ಎಂದ ಹನುಮಂತಪ್ಪ.

ಪಾಳಿಯ ಹೊತ್ತಿನಲ್ಲಿ ಆ ಶೆಡ್ಡಿನೊಳಗೆ ಮನುಷ್ಯನ ದನಿಯನ್ನು ನಾನು ಕೇಳಿದ್ದು ಅದೊಂದೇ ಸಲ.