ಅಪ್ಪನ ಸೀರೀಸ್ ಬೋರ್ಡು

ಗುಂಡ್ಲುಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯೇ ಅಪ್ಪನ ರಿಪೇರಿ ಅಂಗಡಿ. ಮಿಕ್ಸಿ, ಟೇಪು, ಟೀವಿ, ಏನೇ ಬರಲಿ, ಮೊದಲು ಸೀರೀಸ್ ಬೋರ್ಡಿಗೆ ಹೋಗಬೇಕು. ಹಲಗೆಯ ಮೇಲೊಂದು ಬಲ್ಬು, ಪಕ್ಕದಲ್ಲೊಂದು ಪ್ಲಗ್ಗು, ಅಷ್ಟೇ. ಗೋಡೆಯ ಪ್ಲಗ್ಗುಗಳೆಲ್ಲ ಪ್ಯಾರಲಲ್. ಒಂದರ ಪಾಲನ್ನು ಇನ್ನೊಂದು ಕಸಿಯುವುದಿಲ್ಲ. ಸೀರೀಸಿನಲ್ಲಿ ದಾರಿ ಒಂದೇ. ಬಲ್ಬು ತಿಂದು ಬಿಟ್ಟಷ್ಟೇ ಮುಂದಿನ ಸಾಮಾನಿಗೆ. ಸಾಮಾನಿನೊಳಗೆ ಶಾರ್ಟ್ ಇದ್ದರೆ ಬಲ್ಬು ಝಗ್ಗನೆ ಉರಿಯುತ್ತದೆ, ಫ್ಯೂಸು ಉಳಿಯುತ್ತದೆ. ಹೊಸ ಸಾಮಾನನ್ನೂ ಅಪ್ಪ ಹಾಗೆ ನೋಡದೆ ಗೋಡೆಗೆ ಹಾಕಿದವರಲ್ಲ.

"ನನ್ನೂ ಬಲ್ಬಿಗೆ ತಗ್ಲಾಕಿ ನೋಡೇ ತಾಳಿ ಕಟ್ಟುದ್ದು," ಎಂದು ಅವ್ವ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಅವ್ವನ ಶ್ವಾಸಕೋಶ ಕೆಟ್ಟಿತ್ತು. ಚಾಮರಾಜನಗರದ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ, ಇನ್ನು ಆಕ್ಸಿಜನ್ ಇಲ್ಲದೆ ಆಗದು ಎಂದರು. ಜೊತೆಗೆ ಕೊಟ್ಟ ಸಿಲಿಂಡರು ಮಾರನೆಯ ಮಧ್ಯಾಹ್ನದವರೆಗೆ ಮಾತ್ರ. ಬೆಳಿಗ್ಗೆ ಬಾಡಿಗೆಯ ಆಕ್ಸಿಜನ್ ಮಿಷನ್ನು ಬಂತು. ಆಗ ಕರೆಂಟಿರಲಿಲ್ಲ, ತಂದವನು ಓಡಿಸಿ ತೋರಿಸದೆ ಇಟ್ಟು ಹೋದ.

ಕರೆಂಟು ಬಂದಾಗ ಸಿಲಿಂಡರು ಖಾಲಿಯಾಗುತ್ತಿತ್ತು. ಅಪ್ಪ ಮಿಷನ್ನನ್ನು ತಮ್ಮ ಬೋರ್ಡಿಗೇ ಹಾಕಿದರು. ಬಲ್ಬು ಝಗ್ಗೆಂದಿತು. ಮಿಷನ್ನು ಒಮ್ಮೆ ಗುಂಯ್ ಎಂದು ಸುಮ್ಮನಾಯಿತು.

"ಒಳ್ಗೆ ಶಾರ್ಟ್ ಅದೆ ಕಣಮ್ಮಿ."

"ಸೀದಾ ಗೋಡೆಗಾಕಪ್ಪ, ಅವ್ವುಂಗೆ ಉಸ್ರು ಸಾಲ್ತಿಲ್ಲ!"

"ಸುಟ್ಟೋದ್ರೆ ಇದೂ ಇಲ್ಲ. ತಡಿ, ಬಿಚ್ಚಿ ನೋಡ್ಬುಡ್ತೀನಿ."

ಬಿಚ್ಚಿದರು. ಸ್ಕ್ರೂಗಳನ್ನು ಎಂದಿನಂತೆ ತಟ್ಟೆಗೆ ಹಾಕಿಟ್ಟರು. ನಾನು ಆಂಬುಲೆನ್ಸಿಗೆ ಫೋನ್ ಮಾಡಿ ಬಂದು ಅವ್ವನ ಬೆನ್ನು ಉಜ್ಜುತ್ತಿದ್ದೆ. ಅವಳ ಉಗುರು ನೀಲಿಯಾಗುತ್ತಿತ್ತು. ಅವ್ವ ಅಪ್ಪನ ಕೈಯನ್ನೇ ನೋಡುತ್ತಿದ್ದಳು. ಆ ಕೈಗೆ ಬಗ್ಗದ ಸಾಮಾನಿಲ್ಲ ಎಂದು ನಂಬಿದವಳು. ಆಂಬುಲೆನ್ಸು ಬರುವ ಹೊತ್ತಿಗೆ ಅವಳಿರಲಿಲ್ಲ.

ಕಾರ್ಯ ಮುಗಿದ ಮೇಲೆ ಬಾಡಿಗೆಯವನು ಮಿಷನ್ನು ಒಯ್ಯಲು ಬಂದ. ಅಪ್ಪ ಒಳಗೇನೂ ಬದಲಿಸದೆ ಮುಚ್ಚಳ ಕೂಡಿಸಿ ಇಟ್ಟಿದ್ದರು. ಅವನು ಸೀದಾ ಗೋಡೆಯ ಪ್ಲಗ್ಗಿಗೆ ಚುಚ್ಚಿ ಸ್ವಿಚ್ ಒತ್ತಿದ. ಮಿಷನ್ನು ಸಲೀಸಾಗಿ ಓಡತೊಡಗಿತು.

"ನೆಟ್ಗೇ ಅದಲ್ಲ, ಯಜಮಾನ್ರೇ."

ಮಿಷನ್ನಿನೊಳಗಿನ ಅಂಥ ದೊಡ್ಡ ಮೋಟರು ಏಳಲು ಬೇಕಾದಷ್ಟು ಕರೆಂಟನ್ನು ಆ ಸಣ್ಣ ಬಲ್ಬು ಬಿಡುವುದಿಲ್ಲ. ನೆಟ್ಟಗಿರುವ ಮಿಷನ್ನಿಗೂ ಅದು ಹಾಗೇ ಉರಿಯುತ್ತದೆ. ಅಪ್ಪನಿಗೆ ಆಗ ಹೊಳೆಯಿತು. ಅಟ್ಟ ಮೇಲೆ ಒಲೆ ಉರಿಯಿತು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಪಾಪ, ಏನು ಮಾಡ್ತಾರೆ ಎನ್ನುವವರ ಮೇಲೂ ಇದೆ.

ಅವನು ಆರಿಸಲು ಬಗ್ಗಿದಾಗ ಅಪ್ಪ ಅವನ ಕೈ ಹಿಡಿದರು.

"ಒಂದ್ಗಳ್ಗೆ ಓಡ್ಲಿ ಬುಡಪ್ಪ."

ಅವನು ನನ್ನ ಮುಖ ನೋಡಿದ. ನಾನೇ ಹೋಗಿ ಸ್ವಿಚ್ ಆರಿಸಿದೆ.