ನಿಂತು ಉತ್ತರಿಸುತ್ತಿದ್ದ ಮೇಡಂ

ವಾದದಲ್ಲಿ ಅಷ್ಟು ಸುಲಭವಾಗಿ ಗೆದ್ದಾಗಲೇ ನನಗೆ ಅನುಮಾನ ಬರಬೇಕಿತ್ತು. ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿದ್ದ ಮೈಸೂರು ಕಡೆಯ ಗಣಿತ ಅಧ್ಯಾಪಕಿಯೊಬ್ಬರು ಇಲ್ಲಿನ ಪಂಗಾನಿ ಬಡಾವಣೆಯ ಮನೆಯಿಂದ ಕಾಲೇಜಿಗೆ ಮತ್ತೆ ಒಬ್ಬರೇ ಮಟಾಟು, ಅಂದರೆ ಇಲ್ಲಿನ ಖಾಸಗಿ ಮಿನಿಬಸ್ಸು, ಹತ್ತಿ ಹೋಗಬಹುದೇ ಎಂಬುದು ಪ್ರಶ್ನೆ. ನಮ್ಮ ಫಿಸಿಯೋಥೆರಪಿ ವಿಭಾಗದ ಹಿರಿಯರು ಇನ್ನೂ ಬೇಡ ಎಂದರು. ಕಾರಣ ಕೇಳಿದರೆ, ಅನುಭವ ಎಂದರು. ಚರ್ಚಾಸ್ಪರ್ಧೆಗಳಲ್ಲಿ ಬೆಳೆದ ನನಗೆ ಅದು ಉತ್ತರವೇ ಅಲ್ಲ. ನಡಿಗೆಯ ವೇಗ, ಸಮತೋಲನ, ಮೆಟ್ಟಿಲು, ಎಲ್ಲದರ ಅಂಕಿಗಳನ್ನೂ ಅವರ ಮುಂದಿಟ್ಟೆ. ಎಲ್ಲವೂ ಚೆನ್ನಾಗಿದ್ದವು. ಸರಿ, ನಿಮ್ಮಿಷ್ಟ ಎಂದು ಅವರು ಫೈಲನ್ನು ನನ್ನ ಕಡೆಗೆ ಸರಿಸಿದರು. ಸೋಮವಾರದಿಂದ ಹೋಗಬಹುದು ಎಂದು ಮೇಡಂಗೆ ಹೇಳಿಬಿಟ್ಟೆ.

ಶುಕ್ರವಾರ ಅಭ್ಯಾಸಕ್ಕೆಂದು ಮಟಾಟು ನಿಲ್ಲುವ ಜಾಗದವರೆಗೆ ಅವರ ಜೊತೆ ನಡೆದೆ. ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಕೊಡಬೇಕೇ ಎಂಬ ಬಗ್ಗೆ ವಾದ ಶುರುವಾಯಿತು. ನಾನು ಕೆಣಕಿದೆ, ಅವರು ನಿಂತು ಉತ್ತರ ಕೊಟ್ಟರು. ಮತ್ತೆ ಕೆಣಕಿದೆ, ಮತ್ತೆ ನಿಂತರು. ಮೇಷ್ಟರ ಗತ್ತು ಎಂದುಕೊಂಡೆ. ನಾಲ್ಕನೇ ಸಲ, ನಡೆಯುತ್ತಲೇ ಹೇಳಿ ಎಂದೆ. ಎಡಗಾಲಿನ ತುದಿ ನೆಲಕ್ಕೆ ತಗುಲಿ ಮುಗ್ಗರಿಸಿದರು. ನನ್ನ ತೋಳು ಸಿಕ್ಕಿದ್ದರಿಂದ ಬೀಳಲಿಲ್ಲ.

ನಡಿಗೆಯ ಅಳತೆ ಮಾಡುವಾಗ ಮಾತಾಡಬೇಡಿ ಎಂದು ಅವರಿಗೆ ಹೇಳಿದ್ದು ನಾನೇ. ಮಾತಾಡುತ್ತಾ ನಡೆಯಬಲ್ಲರೇ ಎಂದು ನೋಡಿಯೇ ಇರಲಿಲ್ಲ. ಮಟಾಟುವಿನ ಬಾಗಿಲಲ್ಲಿ ಕಂಡಕ್ಟರ್ ಎಲ್ಲಿಗೆ ಎಂದು ಕೇಳುತ್ತಾನೆ, ಉತ್ತರ ಮುಗಿಯುವ ಮೊದಲೇ ಗಾಡಿ ಹೊರಡುತ್ತದೆ.

"ಸೋಮವಾರ ಬೇಡ ಮೇಡಂ. ನಾನು ಹೇಳಿದ್ದು ತಪ್ಪು."

"ಟೈಮ್‌ಟೇಬಲ್ಲೇ ಹಾಕ್ಬಿಟ್ಟಿದಾರೆ ಕಾಲೇಜಲ್ಲಿ. ಬಾಯಿ ಮುಚ್ಕೊಂಡು ಹತ್ತುತೀನಿ, ಸಾಕಾ?"

"ಬಾಯಿ ಮುಚ್ಕೊಂಡು ಪಾಠ ಹೇಗೆ ಮಾಡ್ತೀರಿ?"

ಪಾಠ ಮಾಡುವಾಗ ಬೋರ್ಡಿನ ಮುಂದೆ ತಾವು ಒಂದು ಕಡೆ ನಿಲ್ಲುವವರೇ ಅಲ್ಲ ಎಂದು ಮೇಡಂ ಕೊನೆಗೆ ಒಪ್ಪಿಕೊಂಡು, ಸೋಮವಾರ ಬರಲಾಗುವುದಿಲ್ಲ ಎಂದು ಅಲ್ಲಿಂದಲೇ ಕಾಲೇಜಿಗೆ ಫೋನ್ ಮಾಡಿದರು. ಈ ಗೆಲುವು ನನಗೆ ಬೇಕಿರಲಿಲ್ಲ.

ನನ್ನ ತಪ್ಪನ್ನು ವಿಭಾಗದ ಹಿರಿಯರಿಗೂ ಹೇಳಿದೆ. ಅನುಭವವನ್ನು ಈಗಲೂ ನಾನು ಪುರಾವೆ ಎನ್ನಲಾರೆ. ಆದರೆ ನನ್ನ ಅಂಕಿಗಳು ಕೇಳದೇ ಬಿಟ್ಟ ಪ್ರಶ್ನೆ ಅವರ ಕಣ್ಣಿಗೆ ಬಿದ್ದಿತ್ತು.

ಮುಂದಿನ ವಾರದಿಂದ ಮೇಡಂ ಆಸ್ಪತ್ರೆಯ ಕಾರಿಡಾರಿನಲ್ಲಿ ನಡೆಯುತ್ತಾ ನನಗೆ ಪ್ರಮೇಯಗಳನ್ನು ವಿವರಿಸತೊಡಗಿದರು. ಅಡ್ಡಪ್ರಶ್ನೆ ಹಾಕುವುದು ನನ್ನ ಕೆಲಸ. ಮೂರನೇ ವಾರ ಒಂದು ಪ್ರಮೇಯದ ಮುಕ್ಕಾಲು ಭಾಗ ನಿಲ್ಲದೆ ಬಂದರು. ಆಮೇಲೆ ನಿಂತದ್ದು ಕಾಲಿನ ತೊಂದರೆಯಿಂದಲ್ಲ, ನನ್ನ ಪ್ರಶ್ನೆ ಅಷ್ಟು ದಡ್ಡತನದ್ದು ಎಂದು ವಾದಿಸಿದರು. ಇರಬಹುದು. ಆದರೂ ಫೈಲಿನಲ್ಲಿ ಇನ್ನೂ ಒಂದು ವಾರ ಅಭ್ಯಾಸ ಎಂದು ಬರೆದೆ.